ಬಸ್ಸು ಕೊಳ್ಳುವ ದುಡ್ಡು, ಬಸ್ಸು ಓಡಿಸುವ ದುಡ್ಡು

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಕ್ ಬಸ್ಸಿನ ಮಾತು ಬಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ಕೇಂದ್ರದಿಂದ ಸಬ್ಸಿಡಿ ಎಷ್ಟು ಅಂತ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಹನ್ನೆರಡು ವರ್ಷ, ತಿಂಗಳು ತಿಂಗಳೂ ಬಿಲ್ಲು ಪಾವತಿಸುವವರು ಯಾರು?

2019ರ ಫೇಮ್-2, ಅಂದರೆ ಎಲೆಕ್ಟ್ರಿಕ್ ವಾಹನಗಳಿಗೆ ಕೇಂದ್ರ ಕೊಡುತ್ತಿದ್ದ ಸಬ್ಸಿಡಿ ಯೋಜನೆಯಲ್ಲಿ, ಬ್ಯಾಟರಿಯ ಪ್ರತಿ ಕಿಲೋವ್ಯಾಟ್‌ ಅವರ್‌ಗೆ 20,000 ರೂಪಾಯಿ ಸಿಗುತ್ತಿತ್ತು. 12 ಮೀಟರ್ ಬಸ್ಸಿಗೆ ಗರಿಷ್ಠ 55 ಲಕ್ಷ. ಆದರೆ ಬಸ್ಸು ಸಾರಿಗೆ ನಿಗಮದ್ದಲ್ಲ. ಬಸ್ಸು, ಚಾಲಕ, ರಿಪೇರಿ ಎಲ್ಲ ಕಂಪನಿಯವು. ಮಾರ್ಗ, ನಿರ್ವಾಹಕ, ಟಿಕೆಟ್ ಹಣ ನಿಗಮದವು. ಓಡಿದ ಕಿಲೋಮೀಟರಿಗೆ ನಿಗಮ ದರ ಕೊಡಬೇಕು. ಬೆಂಗಳೂರಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ಬಾಡಿಗೆಯೋ ಖರೀದಿಯೋ ಎಂಬ ಹಗ್ಗಜಗ್ಗಾಟದಲ್ಲಿ, ಇದಕ್ಕೂ ಹಿಂದಿನ ಯೋಜನೆಯಾದ ಫೇಮ್-1ರ 80 ಬಸ್ಸುಗಳ ಅನುದಾನವೇ ಕೈತಪ್ಪಿತ್ತು.

ಬಿಎಂಟಿಸಿಯ 921 ಬಸ್ಸುಗಳ ಗುತ್ತಿಗೆಯನ್ನೇ ನೋಡಿ. ದರ ಕಿಲೋಮೀಟರಿಗೆ ಸುಮಾರು 41 ರೂಪಾಯಿ, ಪ್ರತಿ ಬಸ್ಸಿಗೆ ದಿನಕ್ಕೆ 200 ಕಿ.ಮೀ. ಖಾತರಿ. ಗುಣಿಸಿದರೆ ದಿನಕ್ಕೆ ಸುಮಾರು 75 ಲಕ್ಷ, ತಿಂಗಳಿಗೆ 22 ಕೋಟಿಯ ಮೇಲೆ. ಎರಡು ತಿಂಗಳು ತಡವಾದರೆ ಕಂಪನಿ ಬ್ಯಾಂಕಿನ ಕಂತು ತಪ್ಪಿಸುತ್ತದೆ, ಚಾಲಕರ ಸಂಬಳಕ್ಕೂ ತತ್ವಾರ. ಈ ಭಯವನ್ನೂ ಸೇರಿಸಿಯೇ ಕಂಪನಿ ಮುಂದಿನ ಟೆಂಡರಿಗೆ ದರ ಹಾಕುತ್ತದೆ.

ಕೇಂದ್ರಕ್ಕೂ ಇದು ತಡವಾಗಿಯಾದರೂ ಅರ್ಥವಾಯಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪಿಎಂ ಇ-ಬಸ್ ಸೇವಾ 10,000 ಬಸ್ಸುಗಳಿಗೆ ಹತ್ತು ವರ್ಷ ಓಡಾಟದ ನೆರವು ಕೊಡುತ್ತದೆ: 12 ಮೀಟರ್ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರಿಗೆ 22. 2024ರ ಸೆಪ್ಟೆಂಬರಿನಲ್ಲಿ 3,435 ಕೋಟಿಯ ಪಾವತಿ ಭದ್ರತಾ ನಿಧಿ ಬಂತು, 38,000ಕ್ಕೂ ಹೆಚ್ಚು ಬಸ್ಸುಗಳಿಗೆ. ನಿಗಮ ಬಾಕಿ ಉಳಿಸಿಕೊಂಡರೆ ನಿಧಿ ಕಂಪನಿಗೆ ಕೊಡುತ್ತದೆ. ಆಮೇಲೆ ರಾಜ್ಯ ತುಂಬಿಕೊಡಬೇಕು. ಇದಕ್ಕಾಗಿ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದ ನೇರ ಕಡಿತಕ್ಕೆ ಮೊದಲೇ ಒಪ್ಪಿರಬೇಕು. ಹಣಕಾಸು ಇಲಾಖೆಗಳಿಗೆ ಕಹಿಯೆನಿಸುವ ಷರತ್ತು ಇದೇ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಕೆಲಸಕ್ಕೆ ಬರುವ ಷರತ್ತೂ ಇದೇ.

ದುಡ್ಡಿದ್ದರೂ ಕೆಲಸ ಮುಗ್ಗರಿಸುವ ಜಾಗ ಡಿಪೋ. ನೂರು ಬಸ್ಸು, ತಲಾ 200 ಕಿ.ಮೀ., ಕಿ.ಮೀ.ಗೆ 1.3 ಯೂನಿಟ್ ಎಂದಿಟ್ಟುಕೊಳ್ಳಿ. ರಾತ್ರಿಗೆ 26,000 ಯೂನಿಟ್ ಬೇಕು. ಹನ್ನೊಂದರಿಂದ ಐದರೊಳಗೆ ತುಂಬಬೇಕಾದರೆ ಸರಾಸರಿಯೇ 4.3 ಮೆಗಾವ್ಯಾಟ್. ನಷ್ಟ, ಏರುಪೇರು ಸೇರಿಸಿದರೆ 5 ಮೆಗಾವ್ಯಾಟ್ ಮಂಜೂರಾತಿ ಕೇಳುವುದು ಲೇಸು. ಹಳೇ ಡೀಸೆಲ್ ಡಿಪೋದ ಲೈನು ಇದನ್ನು ತಾಳುವುದಿಲ್ಲ. 11 ಕೆವಿ ಕೇಬಲ್ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಕೂರಿಸಬೇಕು, ಕೇಬಲ್ಲಿಗೆ ರಸ್ತೆ ಅಗೆಯುವ ಅನುಮತಿಯೂ ಬೇಕು. ಬಸ್ಸಿನ ಆರ್ಡರ್ ಕೊಟ್ಟ ಮೇಲೆ ಈ ಅರ್ಜಿ ಹಾಕಿದರೆ ಬಸ್ಸು ಬಂದು ಅಂಗಳದಲ್ಲಿ ಧೂಳು ತಿನ್ನುತ್ತದೆ.

ಇನ್ನೊಂದು ಎಡವಟ್ಟು ಫಾರಂ-4ರಲ್ಲಿ, ಅಂದರೆ ಬಸ್ಸಿನ ದಿನದ ಓಡಾಟದ ವೇಳಾಪಟ್ಟಿಯಲ್ಲಿ, ಆಗುತ್ತದೆ. ಡೀಸೆಲ್ ಬಸ್ಸಿನ ಶೆಡ್ಯೂಲನ್ನೇ ಎತ್ತಿ ಎಲೆಕ್ಟ್ರಿಕ್ ಬಸ್ಸಿಗೆ ಹಾಕಿದರೆ, ಮಧ್ಯಾಹ್ನದ ಚಾರ್ಜಿಂಗ್‌ಗೆ ಡಿಪೋಗೆ ಖಾಲಿ ಬಂದು ಹೋಗುವ ಡೆಡ್ ಕಿಲೋಮೀಟರ್, ಸಂಜೆಯ ಟ್ರಾಫಿಕ್ಕು ಸೇರಿ ಬಸ್ಸು 170 ಕಿ.ಮೀ.ಗೇ ಸುಸ್ತಾಗಬಹುದು. ಖಾತರಿ ಇರುವುದು 200ಕ್ಕೆ. ಓಡದ 30 ಕಿ.ಮೀ.ಗೂ ಗುತ್ತಿಗೆಯಲ್ಲಿ ಬರೆದಷ್ಟು ತೆರಬೇಕು, ಪ್ರಯಾಣಿಕ ಮಾತ್ರ ಒಬ್ಬನೂ ಹತ್ತಿರುವುದಿಲ್ಲ. ಶೆಡ್ಯೂಲನ್ನು ಚಾರ್ಜರ್ ಎಲ್ಲಿದೆ ಎಂಬುದರಿಂದ ಬರೆಯಲು ಶುರುಮಾಡಬೇಕು.

ಈಗ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿನ ಪಾಲಿಗೆ 4,500 ಬಸ್ಸು ಬಂದಿವೆ. ಇಷ್ಟು ದೊಡ್ಡ ಬಿಲ್ಲು ಪಾವತಿಯಾಗುವುದು ಎಸ್ಕ್ರೋ ಖಾತೆಯಿಂದ, ಅಂದರೆ ಕಂಪನಿಯ ಪಾವತಿಗೆಂದೇ ಮೀಸಲಿಟ್ಟ ಬ್ಯಾಂಕ್ ಖಾತೆಯಿಂದ; ಆ ಖಾತೆ ತುಂಬುವುದು ಟಿಕೆಟ್ ಹಣದಿಂದ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ. ಅವರ ಪ್ರಯಾಣದ ಹಣ ಟಿಕೆಟ್ ಯಂತ್ರದಲ್ಲಿ ಬೀಳುವುದಿಲ್ಲ, ಸರ್ಕಾರದಿಂದ ಬರಬೇಕು. ಅದು ತಡವಾದಷ್ಟೂ ಎಸ್ಕ್ರೋ ಸೊರಗುತ್ತದೆ. ಹಾಗಾಗಿ ನನ್ನ ಬೇಡಿಕೆ ಒಂದೇ: ಶಕ್ತಿ ಮರುಪಾವತಿಯಲ್ಲಿ ಇ-ಬಸ್ಸುಗಳ ಪಾಲನ್ನು ಬೇರೆ ಲೆಕ್ಕಶೀರ್ಷಿಕೆಯಲ್ಲಿಟ್ಟು, ಪ್ರತಿ ತಿಂಗಳೂ ನೇರವಾಗಿ ಆ ಖಾತೆಗೇ ಜಮಾ ಮಾಡಲಿ.