ಬಂಪರ್‌ಗೆ ಚಹಾ ಜರಡಿಯ ತೇಪೆ

ನಮಸ್ಕಾರ. ಇದು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಅಂಗಳ. ಬೋರಲು ಬಿದ್ದಿರುವುದು ಕಾರಿನ ಮುಂದಿನ ಬಂಪರ್. ಬಿಚ್ಚುವುದನ್ನು ಈಗಷ್ಟೇ ನೋಡಿದಿರಿ. ಒಂದು ಕ್ಲಿಪ್ ಮುರಿಯಿತು, ವಿಡಿಯೊದಿಂದ ಆ ಭಾಗವನ್ನು ಕತ್ತರಿಸಿದ್ದೇನೆ.

ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತಂದಿಟ್ಟ ಪೆಟ್ಟು ಇದು. ಹಿಂದೆ ಎರಡು ಟ್ರೇಲರ್, ದೀಪ ಒಂದೂ ಇಲ್ಲ, ಹಾಡು ಮಾತ್ರ ಮೂರು ಹೊಲದಾಚೆ ಕೇಳುತ್ತದೆ. ಸೀಸನ್ ಮುಗಿಯುವವರೆಗೆ ಆ ರಸ್ತೆಯಲ್ಲಿ ಸಂಜೆ ಹೊರಡಲೇಬಾರದು. ನಾನು ಮತ್ತೆ ಹೊರಡುತ್ತೇನೆ, ಅದು ಬೇರೆ ಮಾತು. ಇರಲಿ, ಬಿರುಕು ನೋಡಿ, ಒಂದು ಗೇಣು.

ಈಗ ಗೋಂದಿನ ಕಥೆ. ಸೂಪರ್ ಗ್ಲೂ ಟ್ಯೂಬ್ ಒಂದಕ್ಕೆ 10 ರೂಪಾಯಿ. ಎರಡು ತಂದೆ. ಹಚ್ಚಿ, ಒತ್ತಿ ಹಿಡಿದು ಕುಳಿತೆ. ಹೆಬ್ಬೆರಳು ತೋರುಬೆರಳಿಗೆ ಅಂಟಿತು, ಬಂಪರ್ ಅಂಟಲಿಲ್ಲ. ಮತ್ತೆ ಎರಡು, ಮತ್ತೆ ಮೂರು. ಒಣಗಿದ ಗೋಂದು ಹಪ್ಪಳದ ಚೂರಿನಂತೆ ಎದ್ದು ಬಂತು. ಎಂಟನೆಯದಕ್ಕೆ ಹೋದಾಗ ಅಂಗಡಿಯ ಕಾಕಾ ಕೇಳಿದರು: “ತಮ್ಮಾ, ಬಂಪರ್ ಹಿಂಬದಿ ಬರೆದದ್ದನ್ನು ಓದಿದೆಯೋ ಇಲ್ಲವೋ?”

ಓದಿರಲಿಲ್ಲ. ಕೆಸರು ಒರೆಸಿದರೆ ಅಚ್ಚಾಗಿಯೇ ಇತ್ತು: ಪಿಪಿ, ಇಪಿಡಿಎಂ, ಟಿ20. ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಪೆಟ್ಟು ತಡೆಯಲು ಬೆರೆಸಿದ ರಬ್ಬರ್, ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ಪಾಲಿಪ್ರೊಪಿಲೀನ್ ಮೇಲೆ ಸಾಮಾನ್ಯ ಗೋಂದು ಎಣ್ಣೆ ಸವರಿದ ಹಂಚಿನ ಮೇಲಿನ ನೀರು. ಒಂದೋ ಗೋಂದಿಗೆ ಮೊದಲು ಹಚ್ಚಲು ಅದಕ್ಕೆಂದೇ ಇರುವ ಪ್ರೈಮರ್ ಬೇಕು, ಇಲ್ಲವೇ ಕರಗಿಸಿ ಬೆಸೆಯಬೇಕು. 70 ರೂಪಾಯಿ ಹೋದದ್ದಕ್ಕಿಂತ, ಆ ಅಕ್ಷರಗಳು ಮೊದಲ ದಿನದಿಂದಲೂ ಅಲ್ಲೇ ಇದ್ದವಲ್ಲ ಎಂಬುದೇ ಹೆಚ್ಚು ಉರಿಯುತ್ತದೆ.

ಬಿರುಕಿನ ತುದಿಗೆ ಸಣ್ಣ ತೂತು ಹಾಕುತ್ತಿದ್ದೇನೆ, ಸೀಳು ಮುಂದೆ ಓಡದಿರಲಿ ಎಂದು. ಹಿಂಬದಿಯಲ್ಲಿ ಬಿರುಕಿನುದ್ದಕ್ಕೂ ಕೊರೆದ ತೋಡಿಗೆ ತುಂಬುತ್ತಿರುವುದು ಗ್ಯಾರೇಜಿನವರು ಎಸೆದಿದ್ದ ಇನ್ನೊಂದು ಪಿಪಿ ಬಂಪರ್‌ನಿಂದ ಸೀಳಿದ ಪಟ್ಟಿ. ಪ್ಲಾಸ್ಟಿಕ್ಕಿನ ಜಾತಿ ಬೇರೆಯಾದರೆ ಬೆಸುಗೆ ಕೂಡುವುದಿಲ್ಲ. ಪಿಪಿ ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ. ಕರಗಿಸಲು ಹಿಡಿದಿರುವ ಈ ಸೋಲ್ಡರಿಂಗ್ ಐರನ್ ಅದಕ್ಕಿಂತ ಬಹಳ ಬಿಸಿ, ಒಂದೇ ಕಡೆ ನಿಲ್ಲಿಸಿದರೆ ಹೊಗೆ. ಇಲ್ಲಿ ನೋಡಿ, ಕಂದು ಗುಳ್ಳೆ ಎದ್ದಿದೆ. ಅಲ್ಲಿ ಸುಟ್ಟೆ, ಕೆರೆದು ಮತ್ತೆ ತುಂಬಿದೆ. ಹೊಗೆ ಕುಡಿಯಬೇಡಿ, ಬಯಲಲ್ಲೇ ಮಾಡಿ.

ಮೇಲೆ ಹೂಳುತ್ತಿರುವ ಸ್ಟೀಲ್ ಬಲೆ ಎಲ್ಲಿಯದು ಎಂದು ಕೇಳಬೇಡಿ. ಸರಿ, ಚಹಾ ಸೋಸುವ ಜರಡಿಯದು. ಕಾಂಕ್ರೀಟಿನೊಳಗಿನ ಕಬ್ಬಿಣದ ಹಾಗೆ ಹಿಡಿದುಕೊಳ್ಳುತ್ತದೆ.

ಗೋಂದನ್ನು ಬೈದೆನಲ್ಲ, ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಮುಂದಿನ ಗ್ರಿಲ್ ಎಬಿಎಸ್ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್. ಟ್ಯೂಬಿನಲ್ಲಿ ಉಳಿದಿದ್ದ ಎರಡು ಹನಿಗೇ ಕಚ್ಚಿಕೊಂಡಿತು. ಎಬಿಎಸ್ ಚೂರುಗಳನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿ ಹಿಟ್ಟಿನಂತೆ ಮೆತ್ತಲೂಬಹುದು. ಪಿಪಿ ಅಸಿಟೋನ್‌ಗೆ ಕರಗುವುದಿಲ್ಲ.

ಉಜ್ಜಿದ್ದು, ಬಣ್ಣ ಬಳಿದದ್ದು ವಿಡಿಯೊದ ಮುಂದಿನ ಭಾಗದಲ್ಲಿ. ಬಣ್ಣ ಹೊಂದಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ಹಿಂದೆ ಕೇಳುತ್ತಿರುವ ದನಿ ಅವ್ವನದು, ಜರಡಿ ಹುಡುಕುತ್ತಿದ್ದಾಳೆ. ಅದಕ್ಕೇ ನೋಡಿ, ಕ್ಯಾಮೆರಾ ಇಲ್ಲಿ ಅಲುಗಾಡಿದ್ದು.