ಈಜಿಪ್ಟಿನಿಂದ ತಂದ ಬಂಗಾರ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಕೆಟ್ಟ ಕನಸಿನಿಂದ ಶುರು ಮಾಡುತ್ತೇನೆ. ಕನಸು ಕಂಡವರು ಸಂತ ಜೆರೋಮ್. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ದೊಡ್ಡ ಪಂಡಿತರು. ನಾಲ್ಕನೆಯ ಶತಮಾನದಲ್ಲಿ ಅವರು ಸನ್ಯಾಸಿಯಾಗಬೇಕೆಂದು ಮನೆ ಬಿಟ್ಟರು, ಅಪ್ಪ ಅಮ್ಮನನ್ನು ಬಿಟ್ಟರು. ಅದಕ್ಕಿಂತ ಕಷ್ಟವಾದದ್ದು ರುಚಿಯಾದ ಊಟ, ಅದನ್ನೂ ಬಿಟ್ಟರು. ಹೀಗೆಂದು ಅವರೇ ಬರೆದುಕೊಂಡಿದ್ದಾರೆ. ಬಿಡಲಾಗದೆ ಹೋದದ್ದು ಒಂದೇ, ರೋಮ್‌ನಲ್ಲಿ ಕಷ್ಟಪಟ್ಟು ಕೂಡಿಸಿದ ಪುಸ್ತಕಗಳು. ಉಪವಾಸ ಮಾಡುವುದು, ಆಮೇಲೆ ಕ್ರಿಸ್ತನಿಗಿಂತ ಹಿಂದಿನ ರೋಮನ್ ವಾಗ್ಮಿ ಸಿಸೆರೋ ಓದುವುದು. ರಾತ್ರಿಯೆಲ್ಲ ಪಾಪ ನೆನೆದು ಅಳುವುದು, ಆಮೇಲೆ ಪ್ಲಾಟಸ್‌ನ ಹಾಸ್ಯ ನಾಟಕ ತೆಗೆಯುವುದು. ನಡುವೆ ಪ್ರವಾದಿಗಳ ಗ್ರಂಥ ತೆರೆದರೆ ಅಲ್ಲಿನ ಭಾಷೆ ಒರಟು ಎನಿಸುತ್ತಿತ್ತಂತೆ!

ಅಷ್ಟರಲ್ಲಿ ಜೋರು ಜ್ವರ ಬಂತು. ಬದುಕುವುದಿಲ್ಲ ಎಂದು ಅಂತ್ಯಕ್ರಿಯೆಗೆ ಸಿದ್ಧತೆಯೂ ಶುರುವಾಯಿತು. ಆಗ ಬಿತ್ತು ಕನಸು. ನ್ಯಾಯಾಧೀಶನ ಮುಂದೆ ನಿಲ್ಲಿಸಿದ್ದಾರೆ. ‘ಯಾರು ನೀನು?’ ‘ಕ್ರೈಸ್ತ.’ ‘ಸುಳ್ಳು. ನೀನು ಸಿಸೆರೋ ಕಡೆಯವನು, ಕ್ರಿಸ್ತನ ಕಡೆಯವನಲ್ಲ.’ ಚಾಟಿ ಏಟು ಬಿತ್ತು. ಇನ್ನು ಮೇಲೆ ಲೌಕಿಕ ಪುಸ್ತಕ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ ಮೇಲೇ ಬಿಡುಗಡೆ. ಎದ್ದು ನೋಡಿದರೆ ಹೆಗಲೆಲ್ಲ ಬಾಸುಂಡೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ವರ್ಷಗಳಾದ ಮೇಲೆ ರುಫಿನಸ್ ಎಂಬುವರು ಕೆಣಕಿದರು. ಹಳೆಯ ಗೆಳೆಯ, ಅಷ್ಟು ಹೊತ್ತಿಗೆ ವೈರಿ. ಆಣೆ ಮಾಡಿದ್ದೆಯಲ್ಲ, ಮತ್ತೆ ನಿನ್ನ ಬರಹದಲ್ಲಿ ಆ ಹಳೆಯ ಕವಿಗಳೆಲ್ಲ ಏಕೆ ಇಣುಕುತ್ತಾರೆ? ಜೆರೋಮ್ ಕೊಟ್ಟ ಉತ್ತರದ ಸಾರ ಇಷ್ಟೇ: ಕನಸಿನಲ್ಲಿ ಕೊಟ್ಟ ಮಾತಿಗೂ ಲೆಕ್ಕ ಕೇಳುತ್ತೀಯಾ? ನನಗೆ ಈ ಮನುಷ್ಯ ಇಷ್ಟವಾಗುವುದು ಇಲ್ಲೇ.

ನಂಬಿಕೆ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ, ನಡುವೆ ಯುದ್ಧ ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ ಅಲ್ವಾ? ಜಗಳ ಇದ್ದದ್ದು ನಿಜ. 1633ರಲ್ಲಿ ಗೆಲಿಲಿಯೋಗೆ ಆದ ಶಿಕ್ಷೆ ಎಲ್ಲರಿಗೂ ಗೊತ್ತು. ಆದರೆ ಜಾಸ್ತಿ ಜಗಳ ನಡೆದದ್ದು ಕ್ರೈಸ್ತರ ಮನಸ್ಸಿನ ಒಳಗೇ. ‘ಸೆಕ್ಯುಲರ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಮೂಲ ಲ್ಯಾಟಿನ್‌ನ ‘ಸೇಕುಲಂ’, ಅಂದರೆ ಯುಗ, ಈ ಲೋಕದ ಕಾಲ. ಮಠ ಸೇರದೆ ಜನರ ನಡುವೆ ಇದ್ದು ಕೆಲಸ ಮಾಡುವ ಪಾದ್ರಿಗೆ ಇಂದಿಗೂ ‘ಸೆಕ್ಯುಲರ್’ ಪಾದ್ರಿ ಎನ್ನುತ್ತಾರೆ. ಚರ್ಚಿನ ಒಳಗೇ ಓಡಾಡಿಕೊಂಡಿದ್ದ ಪದ ಅದು.

ಸುಮಾರು 200ನೇ ಇಸವಿಯಲ್ಲಿ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಖಡಕ್ಕಾಗಿ ಕೇಳಿದರು: ಅಥೆನ್ಸಿಗೂ ಜೆರೂಸಲೇಮಿಗೂ ಏನು ಸಂಬಂಧ? ಅಥೆನ್ಸ್ ಎಂದರೆ ತತ್ವಜ್ಞಾನ, ಜೆರೂಸಲೇಮ್ ಎಂದರೆ ನಂಬಿಕೆ. ಮಾತು ಜೋರಾಗಿದೆ. ಆದರೆ ಹೀಗೆ ಎರಡು ಹೆಸರನ್ನು ಎದುರುಬದುರು ನಿಲ್ಲಿಸಿ ಎದುರಾಳಿಯ ಬಾಯಿ ಮುಚ್ಚಿಸುವ ಕಲೆ ಇದೆಯಲ್ಲ, ಅದನ್ನು ಗ್ರೀಕರು, ರೋಮನ್ನರು ಶಾಲೆಗಳಲ್ಲಿ ಕಲಿಸುತ್ತಿದ್ದರು! ಅದಕ್ಕೂ ಮೊದಲೇ ಕ್ರಿಸ್ತನ ಸಂದೇಶ ಸಾರುತ್ತಿದ್ದ ಸಂತ ಪೌಲರು ಅದೇ ಅಥೆನ್ಸಿನಲ್ಲಿ ನಿಂತು, ನಾವೂ ದೇವರ ಸಂತಾನ ಎಂದು ನಿಮ್ಮ ಕವಿಗಳೇ ಹೇಳಿದ್ದಾರಲ್ಲ ಎಂದಿದ್ದರು. ಆ ಸಾಲು ಬರೆದ ಕವಿ ಅರಾಟಸ್ ಹಾಡಿದ್ದು ಜ್ಯೂಸ್ ದೇವರನ್ನು. ಪೌಲರು ಅದಕ್ಕೇನೂ ಹಿಂಜರಿಯಲಿಲ್ಲ.

ಜೆರೋಮ್ ಕಾಲದವರೇ ಆದ ಬಿಷಪ್, ಸಂತ ಆಗಸ್ಟೀನ್ ಇದಕ್ಕೊಂದು ಹೋಲಿಕೆ ಕೊಟ್ಟರು. ಇಸ್ರಾಯೇಲರು ಈಜಿಪ್ಟಿನ ಗುಲಾಮಗಿರಿ ಬಿಟ್ಟು ಹೊರಡುವಾಗ ಅಲ್ಲಿಯ ಜನರಿಂದ ಬೆಳ್ಳಿ, ಬಂಗಾರ, ಬಟ್ಟೆ ಕೇಳಿ ತೆಗೆದುಕೊಂಡರಲ್ಲ, ಹಾಗೆಯೇ ತತ್ವಜ್ಞಾನಿಗಳ ಒಳ್ಳೆಯ ಮಾತುಗಳನ್ನೂ ನಾವು ತೆಗೆದುಕೊಳ್ಳೋಣ ಎಂದರು. ಸತ್ಯ ಎಲ್ಲಿ ಸಿಕ್ಕರೂ ಅದು ದೇವರದೇ. ಬಹಳ ಅಂದವಾದ ಮಾತು. ನನಗೆ ಮಾತ್ರ ಎರಡು ತಕರಾರು ಇವೆ. ಬೇರೆಯವರ ಅಂಗಳದಿಂದ ತಂದು, ಇದು ಮೊದಲಿನಿಂದಲೂ ನಮ್ಮದೇ ಎಂದರೆ ಕೊಟ್ಟವರಿಗೆ ಹೇಗನಿಸಬೇಡ? ಎರಡನೆಯದು, ಮರುಭೂಮಿಯಲ್ಲಿ ಅದೇ ಜನ ಬಂಗಾರದ ಓಲೆಗಳನ್ನು ಬಿಚ್ಚಿ ಕರಗಿಸಿ ಕರು ಮಾಡಿ ಪೂಜಿಸಿದರು. ತಂದ ಬಂಗಾರ ತಂದವರನ್ನೂ ಬದಲಿಸಿಬಿಡುತ್ತದೆ.

ಆದರೆ ಅದೇ ಆಗಸ್ಟೀನ್ ತಮ್ಮವರನ್ನೂ ಬೈದಿದ್ದಾರೆ. ಆಕಾಶ, ನಕ್ಷತ್ರ, ಗ್ರಹಣದ ಲೆಕ್ಕ ಕ್ರೈಸ್ತರಲ್ಲದವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಅವರ ಮುಂದೆ ಕ್ರೈಸ್ತನೊಬ್ಬ ಬೈಬಲ್ ಹೆಸರಲ್ಲಿ ಬಾಯಿಗೆ ಬಂದದ್ದು ಹೇಳಿದರೆ ನಾಚಿಕೆಗೇಡು. ಗೊತ್ತಿರುವ ವಿಷಯದಲ್ಲೇ ನೀವು ತಪ್ಪು ಹೇಳಿದರೆ, ಸತ್ತವರು ಎದ್ದು ಬರುತ್ತಾರೆ ಎಂಬುದನ್ನು ಅವರು ಹೇಗೆ ನಂಬಬೇಕು? ಇದು ಬರೆದು 1,600 ವರ್ಷವಾಯಿತು.

13ನೇ ಶತಮಾನದಲ್ಲಿ ಪ್ಯಾರಿಸ್‌ಗೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನ ಪುಸ್ತಕಗಳು ಬಂದವು. ಅರಬ್ ಪಂಡಿತರ ವ್ಯಾಖ್ಯಾನಗಳೂ ಜೊತೆಗೆ ಬಂದವು. 1210ರಲ್ಲಿ ಅವನ ಪ್ರಕೃತಿ ಶಾಸ್ತ್ರದ ಪಾಠಕ್ಕೆ ನಿಷೇಧ ಬಿತ್ತು. 1255ರ ಹೊತ್ತಿಗೆ ಅದೇ ಪುಸ್ತಕಗಳು ವಿಶ್ವವಿದ್ಯಾಲಯದ ಪಠ್ಯ! ತೊಡಕು ಇದ್ದದ್ದು ಮುಖ್ಯವಾಗಿ ಒಂದು ಕಡೆ. ಜಗತ್ತು ಅನಾದಿ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಜಗತ್ತಿಗೊಂದು ಶುರು ಇದೆ ಎಂದು ಬೈಬಲ್ ಹೇಳುತ್ತದೆ. ಪ್ಯಾರಿಸ್‌ನಲ್ಲಿ ಪಾಠ ಮಾಡುತ್ತಿದ್ದ ಧರ್ಮಶಾಸ್ತ್ರಿ ಥಾಮಸ್ ಅಕ್ವಿನಾಸ್ ಇಲ್ಲಿ ಬೈಬಲ್ ಪರ ವಾದ ಹೂಡಿ ಗೆಲ್ಲಲು ಹೋಗಲಿಲ್ಲ. ಶುರು ಇತ್ತು ಎಂದೂ, ಇರಲಿಲ್ಲ ಎಂದೂ ಬರೀ ತರ್ಕದಿಂದ ಸಾಧಿಸಲು ಆಗದು, ನಾನು ಅದನ್ನು ನಂಬಿಕೆಯಿಂದ ಹಿಡಿದಿದ್ದೇನೆ ಎಂದರು. ತನ್ನ ಕೈಯಲ್ಲಿರುವ ಅಳತೆಗೋಲು ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ತಾನೇ ಹೇಳುವುದು ಸುಲಭವಲ್ಲ. ಅವರು ತೀರಿಕೊಂಡ ಮೂರು ವರ್ಷಕ್ಕೆ, 1277ರಲ್ಲಿ, ಪ್ಯಾರಿಸ್ ಬಿಷಪ್ 219 ವಾಕ್ಯಗಳನ್ನು ಖಂಡಿಸಿದರು. ಕೆಲವು ಥಾಮಸರ ಮಾತಿಗೆ ತೀರಾ ಹತ್ತಿರದವು. 1323ರಲ್ಲಿ ಅದೇ ಥಾಮಸ್ ಸಂತರಾದರು.

ಮುಂದೆ ಅಬ್ರಹಾಂ ಕೈಪರ್ ಎಂಬ ಡಚ್ ಧರ್ಮಶಾಸ್ತ್ರಿ ಬೇರೆಯೇ ದಾರಿ ಹಿಡಿದರು. ಯಾವ ವಿಜ್ಞಾನವೂ ಬರಿಗೈಯಲ್ಲಿ ಶುರುವಾಗುವುದಿಲ್ಲ, ಪ್ರತಿಯೊಂದರ ತಳದಲ್ಲೂ ಒಂದು ನಂಬಿಕೆ ಇದ್ದೇ ಇರುತ್ತದೆ ಎಂದರು. 1880ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅದಕ್ಕಾಗಿಯೇ ಒಂದು ವಿಶ್ವವಿದ್ಯಾಲಯ ಕಟ್ಟಿದರು. ಅರ್ಧ ಒಪ್ಪುತ್ತೇನೆ. ಏನನ್ನು ಹುಡುಕಬೇಕು ಎಂಬುದನ್ನು ನಂಬಿಕೆ ತೋರಿಸಬಹುದು. ಲೆಕ್ಕದ ಉತ್ತರ ಬದಲಿಸಲು ಅದಕ್ಕೆ ಆಗದು.

ಅದಕ್ಕೇ ನನಗೆ ಜಾರ್ಜ್ ಲೆಮೆತ್ರ್ ನೆನಪಾಗುತ್ತಾರೆ. ಬೆಲ್ಜಿಯಂನ ಪಾದ್ರಿ, ಭೌತ ವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಿಮ್ಮ ಲೆಕ್ಕ ಸರಿ, ಭೌತಶಾಸ್ತ್ರ ಮಾತ್ರ ಅಸಹ್ಯ ಎಂದರು ಐನ್‌ಸ್ಟೈನ್. 1931ರಲ್ಲಿ ಲೆಮೆತ್ರ್ ಇನ್ನೂ ಹಿಂದಕ್ಕೆ ಹೋಗಿ, ಎಲ್ಲವೂ ಒಂದು ಆದಿ ಅಣುವಿನಿಂದ ಬಂತು ಎಂದರು. ‘ಬಿಗ್ ಬ್ಯಾಂಗ್’ ಎಂಬ ಹೆಸರು ಆಮೇಲಿನದು. ಈ ವಾದವನ್ನು ಒಪ್ಪದ ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1949ರಲ್ಲಿ ಅದನ್ನು ಹಾಗೆ ಕರೆದದ್ದು ಎಲ್ಲಿ ಗೊತ್ತೇ? ಒಂದು ಬಾನುಲಿ ಭಾಷಣದಲ್ಲಿ!

1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ಸೃಷ್ಟಿಗೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬ ಧಾಟಿಯಲ್ಲಿ ಮಾತಾಡಿದರು. ಲೆಮೆತ್ರ್ ಖುಷಿಪಡಬೇಕಿತ್ತು ಅಲ್ವಾ? ಅವರಿಗೆ ಕಸಿವಿಸಿಯಾಯಿತು. ಇದು ಭೌತಶಾಸ್ತ್ರದ ಊಹೆ, ನಾಳೆ ಸುಳ್ಳಾದರೂ ಆಗಬಹುದು, ಇದಕ್ಕೆ ದೇವರನ್ನು ಕಟ್ಟಬೇಡಿ ಎಂಬುದು ಅವರ ನಿಲುವು. ಪೋಪ್‌ವರೆಗೂ ಮಾತು ಮುಟ್ಟಿಸಿದರು. ಮರುವರ್ಷ ಖಗೋಳ ವಿಜ್ಞಾನಿಗಳ ಮುಂದೆ ಪೋಪ್ ಮತ್ತೆ ಮಾತಾಡಿದಾಗ ಆ ಧಾಟಿ ಇರಲಿಲ್ಲ.

1964ರಲ್ಲಿ ಅಮೆರಿಕದ ಇಬ್ಬರು ರೇಡಿಯೋ ಖಗೋಳ ವಿಜ್ಞಾನಿಗಳ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಹೋಗದ ಒಂದು ಸದ್ದು ಕೇಳಿಸಿತು. ವಿಶ್ವ ಶುರುವಾದಾಗಿನ ಕಾವಿನ ಉಳಿಕೆ ಅದು ಎಂದು 1965ರಲ್ಲಿ ಗೊತ್ತಾಯಿತು. 1966ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಲೆಮೆತ್ರ್‌ಗೆ ಆ ಸುದ್ದಿ ಮುಟ್ಟಿತು. ಆಗಲೂ ಅವರು ಪಾದ್ರಿಯೇ ಆಗಿದ್ದರು.

ನಮಸ್ಕಾರ.