ಗೆರೆ ಎಳೆಯುವ ಕೆಲಸ, ಕಾಯುವ ಕೆಲಸ

ಮಾನ್ಯರೇ,

ಹೊಸ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಉತ್ಸಾಹಿಗಳು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವಿಂಡೋ ಸಿಸ್ಟಮ್ ಒಂದನ್ನು ಅದರ ಮೇಲೆ ಪೋರ್ಟ್ ಮಾಡಲು, ಅಂದರೆ ಬೇರೆಡೆಗೆಂದು ಬರೆದದ್ದನ್ನು ಅಲ್ಲಿ ಓಡುವಂತೆ ಮಾಡಲು, ಕುಳಿತಾಗ ಮೊದಲು ಚಿಂತಿಸುವುದು ಗೆರೆ ಎಳೆಯುವ ಗ್ರಾಫಿಕ್ಸ್ ಡ್ರೈವರಿನ ಬಗ್ಗೆ. ಡ್ರೈವರಿನ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೀಬೋರ್ಡು, ಮೌಸು ಮತ್ತು ಹತ್ತಾರು ಪ್ರೋಗ್ರಾಮ್‌ಗಳಿಗಾಗಿ ಏಕಕಾಲದಲ್ಲಿ ಕಾಯುವುದನ್ನು ಆ ಸಿಸ್ಟಮ್ ಎಷ್ಟು ಬಲ್ಲದು ಎಂಬುದರ ಮೇಲೆಯೇ ಪೋರ್ಟಿನ ಹಣೆಬರಹ ನಿಂತಿದೆ ಎಂಬುದು ನನ್ನ ವಾದ.

ಯುನಿಕ್ಸ್ ಬಳಗದ ಸಿಸ್ಟಮ್‌ಗಳ ಹೆಸರಾಂತ ವಿಂಡೋ ಸಿಸ್ಟಮ್ ಆದ ಎಕ್ಸ್ ಹುಟ್ಟಿದ್ದೇ ಇಂಥದೊಂದು ಪೋರ್ಟಿನ ಇಕ್ಕಟ್ಟಿನಿಂದ. ಪಾಲ್ ಅಸೆಂಟೆ ಮತ್ತು ಬ್ರಯಾನ್ ರೀಡ್ ಸ್ಟ್ಯಾನ್‌ಫರ್ಡ್‌ನಲ್ಲಿ ‘ವಿ’ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ‘ಡಬ್ಲ್ಯು’ ಎಂಬ ವಿಂಡೋ ಸಿಸ್ಟಮ್ ಬರೆದಿದ್ದರು. (ಮುಂದಿನದಕ್ಕೆ ಮುಂದಿನ ಅಕ್ಷರವಾದ ‘ಎಕ್ಸ್’ ಎಂದೇ ಹೆಸರು ಬಿತ್ತು, ನಾಮಕರಣಕ್ಕೆ ಪಟ್ಟ ಶ್ರಮ ಅಷ್ಟೇ.) ‘ವಿ’ಯಲ್ಲಿ ಸಂದೇಶ ಕಳುಹಿಸಿದ ಪ್ರೋಗ್ರಾಮ್ ಉತ್ತರ ಬರುವ ತನಕ ನಿಂತೇ ಇರಬೇಕಿತ್ತು; ಆದರೆ ಅಲ್ಲಿ ಸಂದೇಶಗಳು ಅತಿವೇಗವಾಗಿ ಓಡಾಡುತ್ತಿದ್ದುದರಿಂದ ಅದು ಯಾರಿಗೂ ಹೊರೆಯೆನಿಸಲಿಲ್ಲ. ಅದೇ ಡಬ್ಲ್ಯುವನ್ನು 1983ರಲ್ಲಿ ಸಂದೇಶಗಳು ಅಷ್ಟು ಚುರುಕಾಗಿ ಓಡದ ಯುನಿಕ್ಸ್‌ಗೂ ಡಿಜಿಟಲ್ ಕಂಪನಿಯ ವಿಎಸ್100 ಡಿಸ್‌ಪ್ಲೇಗೂ ತಂದಾಗ, ಪ್ರತಿ ಕಾಗದಕ್ಕೂ ಮಾರೋಲೆ ಬಂದ ಮೇಲೆಯೇ ಮುಂದಿನ ಕಾಗದಕ್ಕೆ ಕೈಹಾಕುವವನ ಪಾಡು ಅದರದಾಯಿತು. ಕೋಡ್ ಬದಲಾಗಿರಲಿಲ್ಲ ಎಂದಲ್ಲ, ಬದಲಾಗಬೇಕಾದ ಕಾಯುವ ರೀತಿ ಬದಲಾಗಿರಲಿಲ್ಲ. ಎಂಐಟಿಯ ಬಾಬ್ ಶೈಫ್ಲರ್ 1984ರ ಜೂನ್ 19ರಂದು ಸಹೋದ್ಯೋಗಿಗಳಿಗೆ ಬರೆದ ಪತ್ರದಲ್ಲಿ, ಡಬ್ಲ್ಯುವಿನ ಸಾಕಷ್ಟು ಕೋಡನ್ನು ಕದ್ದು, ಸುತ್ತಲೂ ಉತ್ತರಕ್ಕೆ ಕಾಯದ ಹೊಸ ವ್ಯವಸ್ಥೆ ಕಟ್ಟಿ ಎಕ್ಸ್ ಮಾಡಿದ್ದಾಗಿಯೂ, ವೇಗ ಹೆಚ್ಚುಕಡಿಮೆ ಇಮ್ಮಡಿಯಾದಂತಿದೆಯೆಂದೂ ತಿಳಿಸಿದರು. ಉತ್ತರ ಬೇಡದ ಕೋರಿಕೆಗಳನ್ನು ಒಟ್ಟುಗೂಡಿಸಿ ಒಮ್ಮೆಲೇ ರವಾನಿಸುವ ಈ ಕ್ರಮದಲ್ಲಿ ತಪ್ಪಿನ ವರದಿ ತಡವಾಗಿ ಬರುತ್ತದೆ. ಯಾವ ಸಾಲಿನಲ್ಲಿ ಎಡವಿದೆವೆಂದು ಪ್ರೋಗ್ರಾಮರ್‌ಗಳು ಇಂದಿಗೂ ತಲೆ ಕೆರೆದುಕೊಳ್ಳುವುದು ಆ ವೇಗಕ್ಕೆ ತೆತ್ತ ದಂಡ.

1987ರಲ್ಲಿ ಬಂದ ಹನ್ನೊಂದನೆಯ ಆವೃತ್ತಿ ಎಕ್ಸ್11ರ ಸರ್ವರ್ (ಪರದೆ, ಕೀಬೋರ್ಡು, ಮೌಸುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್), ಯಂತ್ರಕ್ಕೆ ಅಂಟದ ಭಾಗವನ್ನೂ ಯಂತ್ರಕ್ಕೆ ಅಂಟಿದ ಭಾಗವನ್ನೂ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿದ ಭಾಗವನ್ನೂ ಬೇರೆಬೇರೆಯಾಗಿಯೇ ಇರಿಸಿಕೊಂಡಿತ್ತು. ಆ ಮೂರನೆಯ ಭಾಗದ ಮುಖ್ಯ ಫಂಕ್ಷನ್ನಿನ ಹೆಸರು ‘ವೇಟ್‌ಫಾರ್‌ಸಮ್‌ಥಿಂಗ್’, ಅಂದರೆ ‘ಏನಾದರೂ ಬರಲೆಂದು ಕಾಯು’. ನನ್ನ ವಾದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿಯನ್ನು ನಾನು ಕೇಳಲಾರೆ.

ಲಿನಕ್ಸ್‌ಗೂ ಇದೇ ಪರೀಕ್ಷೆ ಎದುರಾಯಿತು. 1992ರಲ್ಲಿ ಓರೆಸ್ಟ್ ಝ್ಬೊರೊವ್ಸ್ಕಿ ಅಲ್ಲಿಗೆ ಎಕ್ಸ್ ತರಲು ಹೊರಟಾಗ, ಅದು ಪ್ರೋಗ್ರಾಮ್‌ಗಳೊಡನೆ ಮಾತಾಡಲು ಬಳಸುವ ಕೊಂಡಿಗಳಾದ ಯುನಿಕ್ಸ್ ಡೊಮೈನ್ ಸಾಕೆಟ್‌ಗಳೇ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿರಲಿಲ್ಲ. ಮೊದಲು ಅವನ್ನು ಕರ್ನಲ್‌ಗೆ ಸೇರಿಸಬೇಕಾಯಿತು. ಎಕ್ಸ್ ಓಡಿದ್ದನ್ನು ಕಂಡ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೆಲಸ ಮುಗಿಯಿತೆಂದೇ ಭಾವಿಸಿ, ಆವೃತ್ತಿಯ ಸಂಖ್ಯೆಯನ್ನು 0.12ರಿಂದ ನೇರವಾಗಿ 0.95ಕ್ಕೆ ಜಿಗಿಸಿದರು. 1.0 ಬಂದದ್ದು 1994ರ ಮಾರ್ಚ್‌ನಲ್ಲಿ!

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದ್ದರಿಂದ ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಬಗ್ಗೆ ಒಂದೇ ಮಾತು. ಲಿನಕ್ಸ್‌ಗೆಂದು ಬರೆದ ಅದು ಅಲ್ಲಿನ ‘ಈಪೋಲ್’ ಎಂಬ ಕಾಯುವ ಸೌಲಭ್ಯವನ್ನು ನೆಚ್ಚಿಕೊಂಡಿದೆ. ಯುನಿಕ್ಸ್ ಬಳಗದ ಇನ್ನೊಂದು ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಅದೇ ಕೆಲಸಕ್ಕೆ ಇರುವುದು ‘ಕೆಕ್ಯೂ’. ಹಾಗಾಗಿ ಅಲ್ಲಿಗೆ ತಂದವರು ಒಂದನ್ನು ಇನ್ನೊಂದರಂತೆ ನಟಿಸಿ ತೋರಿಸುವ ಲೈಬ್ರರಿಯನ್ನು ನಡುವೆ ಇಟ್ಟಿದ್ದಾರೆ. ಡ್ರೈವರ್‌ಗಳ ಪಾಲಿನ ಮಾತು ಉಳಿದೇಹೋಯಿತು. ಆ ಪ್ರಶ್ನೆಗಳನ್ನು ಚಹಾದ ವೇಳೆಗೆ ಕೇಳಬಹುದು.